ಡಾರ್ಕ್ ರೂಮಿನಲ್ಲಿ ಲಿನಕ್ಸ್ ಕಲಿತ ಲತಾ

ಹಳೇಕೋಟೆ ಕಡೆಯಿಂದ ಬರುವ ಮೊದಲ ಬಸ್ಸು ಹೊಳೆನರಸೀಪುರಕ್ಕೆ ಬಂದು ನಿಂತಾಗ ಇನ್ನೂ ಎದುರಿನವರ ಮುಖ ಕಾಣುವಷ್ಟು ಬೆಳಕಾಗಿಲ್ಲ. ಹಾಲಿನ ಕ್ಯಾನುಗಳು ಇಳಿಯುತ್ತವೆ, ಸೇವಂತಿಗೆಯ ಮೂಟೆಗಳು ಇಳಿಯುತ್ತವೆ, ಕೊನೆಗೆ ಊಟದ ಡಬ್ಬಿ ಹಿಡಿದ ಲತಾ ಇಳಿಯುತ್ತಾರೆ. ಪೇಟೆ ಬೀದಿಯ ಹಂಸ ಸ್ಟುಡಿಯೋದ ಶಟರನ್ನು ಸೊಂಟದೆತ್ತರಕ್ಕೆ ಎತ್ತಿ, ಬಗ್ಗಿ ಒಳಗೆ ನುಗ್ಗುತ್ತಾರೆ. ಪೂರ್ತಿ ಎತ್ತಿದರೆ ಅಂಗಡಿ ತೆರೆದಿದೆ ಅಂತ ಪಾಸ್‌ಪೋರ್ಟ್ ಸೈಜಿನವರು ಬಂದು ಕೂತುಬಿಡುತ್ತಾರೆ. ಅಂಗಡಿ ತೆರೆಯುವವರೆಗಿನ ಈ ಹೊತ್ತು ಲತಾ ಅವರದು. ಆಮೇಲಿನ ಇಡೀ ದಿನ ಮಾಲೀಕರದು.

ಹಿಂದುಗಡೆ ಡಾರ್ಕ್ ರೂಮು. ಫಿಲಂ ತೊಳೆಯುತ್ತಿದ್ದ ತೊಟ್ಟಿಯ ಮೇಲೆ ಹಲಗೆ ಹಾಕಿ, ಹಲಗೆಯ ಮೇಲೆ ಹಳೆಯ ಕಂಪ್ಯೂಟರ್ ಕೂರಿಸಿದ್ದಾರೆ. ಕೆಂಪು ಬಲ್ಬು ಈಗಲೂ ನೇತಾಡುತ್ತಿದೆ. ಸ್ವಿಚ್ಚು ಒತ್ತಿದರೆ ಪರದೆ ಕಪ್ಪಾಗಿ ಉಳಿದು, ಅದರ ಮೇಲೆ ಬಿಳಿ ಅಕ್ಷರಗಳು ಸಾಲುಗಟ್ಟಿ ಓಡುತ್ತವೆ. ಗೋಡೆಯ ತುಂಬ ಹಾಳಾದ ಪ್ರಿಂಟುಗಳನ್ನು ಬೆನ್ನು ಮೇಲಾಗಿ ಅಂಟಿಸಿದ್ದಾರೆ. ಆ ಬೆನ್ನುಗಳ ಮೇಲೆ ಇಂಗ್ಲಿಷಿನ ಆಜ್ಞೆಗಳನ್ನು ಕನ್ನಡದ ಅಕ್ಷರದಲ್ಲಿ ಬರೆದು, ಪಕ್ಕದಲ್ಲಿ ತಮಗೆ ತಿಳಿದ ಅರ್ಥ ಬರೆದುಕೊಂಡಿದ್ದಾರೆ. ‘ಮೌಂಟ್: ಕೂರಿಸು.’ ‘ರೀಡ್ ಓನ್ಲಿ: ನೋಡು, ಮುಟ್ಟಬೇಡ.’

“ಇದೊಂದ ಮರ್ತ್ರೆ ಕೆಟ್ಟೆ ಸಾ,” ಎಂದು ಎರಡನೆಯದನ್ನು ತೋರಿಸುತ್ತಾರೆ. “ನೋಡ್ಬೇಕು, ಮುಟ್ಬಾರ್ದು. ಮುಟ್ಟುದ್ರೆ ಇರಾದೂ ಓಯ್ತದೆ.”

ಫಿಲಂ ಡಬ್ಬಿಯೊಳಗೆ ಮಲ್ ಬಟ್ಟೆ ಸುತ್ತಿ ಇಟ್ಟಿದ್ದ ಒಂದು ಹಾರ್ಡ್ ಡಿಸ್ಕನ್ನು ತೆಗೆದು, ಕೂಸಿಗೆ ಸ್ವೆಟರ್ ಹಾಕುವಷ್ಟು ನಿಧಾನವಾಗಿ ಕೇಬಲ್ ಸಿಕ್ಕಿಸುತ್ತಾರೆ. ಆ ಡಿಸ್ಕಿನಲ್ಲಿ ಒಬ್ಬ ಹುಡುಗಿಯ ಫೋಟೋ ಇದೆ. ಇಲ್ಲದೆಯೂ ಇರಬಹುದು. ಅದೊಂದು ಫೋಟೋಕ್ಕಾಗಿ ಲತಾ ಮೂರು ವರ್ಷದಿಂದ ಲಿನಕ್ಸ್ ಕಲಿಯುತ್ತಿದ್ದಾರೆ.

ಲಿನಕ್ಸ್ ಅಂದರೆ ಕಂಪ್ಯೂಟರನ್ನು ನಡೆಸುವ ತಂತ್ರಾಂಶ. ಯಾವ ಕಂಪನಿಯ ಗಂಟೂ ಅಲ್ಲ, ಯಾರು ಬೇಕಾದರೂ ಬಿಟ್ಟಿಯಾಗಿ ಹಾಕಿಕೊಳ್ಳಬಹುದು, ಒಳಗೆ ಬಿಚ್ಚಿ ನೋಡಬಹುದು, ತಿದ್ದಬಹುದು, ಎಲ್ಲರಿಗೂ ಸೇರಿದ್ದು ಎಂದು ಬಲ್ಲವರು ಭಾಷಣ ಮಾಡುತ್ತಾರೆ. ಮಾಡಲಿ. ಎಲ್ಲರಿಗೂ ಸೇರಿದ ಆ ಮನೆಯ ಬಾಗಿಲಿಗೆ ಇಂಗ್ಲಿಷಿನ ಬೀಗ ಜಡಿದಿದ್ದಾರೆ ಎಂಬುದನ್ನು ಮಾತ್ರ ಹೇಳುವುದಿಲ್ಲ. ಪಿಯುಸಿಯ ಇಂಗ್ಲಿಷಿನಲ್ಲಿ ಎರಡು ಸಲ ಫೇಲಾದ ಹೆಂಗಸು ಆ ಬೀಗವನ್ನು ಹಲ್ಲಿನಲ್ಲಿ ಕಚ್ಚಿ ತೆಗೆಯುತ್ತಿದ್ದಾರೆ. ನೋಡುವುದಕ್ಕೆ ಯಾರಿಗೂ ಪುರಸೊತ್ತಿಲ್ಲ.

ಲತಾ ಹಳೇಕೋಟೆಯ ಬೀರಲಿಂಗಯ್ಯನವರ ಮಗಳು. ಚನ್ನರಾಯಪಟ್ಟಣಕ್ಕೆ ಮದುವೆ ಮಾಡಿ ಕೊಟ್ಟಿದ್ದರು. ವರ್ಷ ತುಂಬುವುದರೊಳಗೆ ವಾಪಸು ಬಂದರು. ಯಾಕೆಂದು ಊರಿನವರು ಈಗಲೂ ಕೇಳುತ್ತಾರೆ, ಲತಾ ಈಗಲೂ ಹೇಳುವುದಿಲ್ಲ. ತೊಂಬತ್ತೇಳರಲ್ಲಿ ಹಂಸ ಸ್ಟುಡಿಯೋಕ್ಕೆ ಕಸ ಗುಡಿಸಲು ಸೇರಿದರು. ಮಾಲೀಕ ಗಿರಿಧರ ಅವರು ನೆಗೆಟಿವಿನ ಮೇಲೆ ಪೆನ್ಸಿಲಿನಿಂದ ಮೊಡವೆ ಕಲೆ ತಿದ್ದುವುದನ್ನು ನಿಂತು ನೋಡಿ ನೋಡಿ ಕಲಿತರು. ಗಿರಿಧರ ಅವರ ಕಣ್ಣಿಗೆ ಪೊರೆ ಬಂದ ಮೇಲೆ ಪೆನ್ಸಿಲು ಲತಾ ಕೈಗೆ ಬಂತು. ಕಂಪ್ಯೂಟರ್ ಬಂದಾಗ ಅದೂ ಅವರ ಕೈಗೇ ಬಂತು. ಪೊರಕೆಯೂ ಕೈಬಿಡಲಿಲ್ಲ. ಇವತ್ತಿಗೂ ಅಂಗಡಿ ಗುಡಿಸುವುದು ಅವರೇ.

ಮದುವೆಯ ಆಲ್ಬಮ್ಮಲ್ಲ, ಹಂಸ ಸ್ಟುಡಿಯೋಕ್ಕೆ ಹೆಸರು ತಂದದ್ದು ಇನ್ನೊಂದು ಕೆಲಸ. ಸತ್ತವರ ಕಣ್ಣು ತೆರೆಸುವುದು. ಹಳ್ಳಿಮೈಸೂರು, ಅರಕಲಗೂಡು ಕಡೆಯ ಎಷ್ಟೋ ಮನೆಗಳಲ್ಲಿ ಬದುಕಿದ್ದಾಗ ಒಂದು ಫೋಟೋ ತೆಗೆಸಿಕೊಂಡಿರುವುದಿಲ್ಲ. ಉಸಿರು ಹೋದ ಮೇಲೆ ಯಾರೋ ಬೈಕಿನಲ್ಲಿ ಓಡಿ ಬರುತ್ತಾರೆ. ಗಿರಿಧರ ಅವರು ಕ್ಯಾಮೆರಾ ಹಿಡಿದು ಹೋಗಿ, ಗೋಡೆಗೆ ಒರಗಿಸಿ ಕೂರಿಸಿದ ಹೆಣದ ಫೋಟೋ ತೆಗೆದುಕೊಂಡು ಬರುತ್ತಾರೆ. ಲತಾ ಅದಕ್ಕೆ ಕಣ್ಣು ಇಡುತ್ತಾರೆ. ಅಣ್ಣ ತಮ್ಮಂದಿರ ಕಣ್ಣು, ಅಕ್ಕ ತಂಗಿಯರ ಕಣ್ಣು, ಯಾರೂ ಹೊಂದದಿದ್ದರೆ ಅದೇ ವಯಸ್ಸಿನ ಇನ್ಯಾರದೋ ಕಣ್ಣು. ಹನ್ನೊಂದನೆಯ ದಿನಕ್ಕೆ ಸತ್ತವರು ಗಾಜಿನ ಹಿಂದೆ ಕಣ್ಣು ಬಿಟ್ಟು ಕೂತಿರುತ್ತಾರೆ.

ಈ ಕೆಲಸಕ್ಕೆ ಒಂದು ಕಟ್ಟುಪಾಡಿದೆ. ಕಣ್ಣು ತೆರೆಸಿದ ಮೇಲೆ ಮುಚ್ಚಿದ ಕಣ್ಣಿನ ಫೋಟೋ ಅಂಗಡಿಯಲ್ಲಿ ಇರಕೂಡದು. ನೆಗೆಟಿವಿನ ಕಾಲದಲ್ಲಿ ಅದನ್ನು ಹೇಮಾವತಿ ಹೊಳೆಗೆ ಬಿಡುತ್ತಿದ್ದರು. ಕಂಪ್ಯೂಟರ್ ಬಂದ ಮೇಲೆ ಡಿಲೀಟ್ ಮಾಡುತ್ತಾರೆ.

ಹಳ್ಳಿಮೈಸೂರು ಹೋಬಳಿಯ ಕೃಷ್ಣಮ್ಮನ ಮಗಳು ಚಂದ್ರಕಲಾ ಎರಡು ಸಾವಿರದ ನಾಲ್ಕರಲ್ಲಿ ಕಾಮಾಲೆಯಿಂದ ತೀರಿಕೊಂಡಳು. ಹದಿನೇಳು ವರ್ಷ. ಐದನೇ ಕ್ಲಾಸಿಗೆ ಶಾಲೆ ಬಿಡಿಸಿ ಕಳೆ ಕೀಳಲು ಹಚ್ಚಿದ್ದರು. ಫೋಟೋ ಅಂಟಿಸಬೇಕಾದ ಒಂದು ಕಾಗದವನ್ನೂ ಈ ದೇಶ ಅವಳ ಕೈಗೆ ಕೊಟ್ಟಿರಲಿಲ್ಲ. ಹಾಗಾಗಿ ಅವಳ ಮೊದಲ ಫೋಟೋ ಹೆಣದ ಫೋಟೋ. ಅಣ್ಣನ ಕಣ್ಣು ಇಟ್ಟು ನೋಡಿದರು, ಹೊಂದಲಿಲ್ಲ. ಪಕ್ಕದಲ್ಲಿ ಕೂತಿದ್ದ ಕೃಷ್ಣಮ್ಮ ಪರದೆ ಬಿಟ್ಟು ಲತಾ ಮುಖವನ್ನೇ ನೋಡುತ್ತಿದ್ದರು.

“ನಿನ್ ಕಣ್ಣಂಗೇ ಇದ್ದೋ ಕಣವ್ವ ಅವ್ಳ್ವೂ. ದಪ್ಪಗೆ. ನಿನ್ನವೇ ಇಟ್ಬುಡು.”

ಗಿರಿಧರ ಅವರು ಲತಾ ಫೋಟೋ ತೆಗೆದರು. ಲತಾ ತಮ್ಮ ಎರಡು ಕಣ್ಣುಗಳನ್ನು ಕತ್ತರಿಸಿ ಚಂದ್ರಕಲಾಗೆ ಇಟ್ಟರು. ರೂಢಿಯಂತೆ ಮುಚ್ಚಿದ ಕಣ್ಣಿನದನ್ನು ಅಳಿಸಿದರು.

ಮರುವರ್ಷದ ಮಳೆಗೆ ಕೃಷ್ಣಮ್ಮನ ಮನೆಯ ಮಣ್ಣಿನ ಗೋಡೆ ತೇವ ಕುಡಿಯಿತು. ಫೋಟೋ ಗಾಜಿಗೆ ಅಂಟಿಕೊಂಡಿತು. ಬಿಡಿಸಲು ಹೋದರೆ ಮುಖವೆಲ್ಲ ಗಾಜಿನ ಜೊತೆ ಕಿತ್ತು ಬಂತು. ಆ ಗಾಜನ್ನು ಸೆರಗಿನಲ್ಲಿ ಸುತ್ತಿಕೊಂಡು ಕೃಷ್ಣಮ್ಮ ಸ್ಟುಡಿಯೋಕ್ಕೆ ಬಂದಾಗ ನವರಾತ್ರಿ ಶುರುವಾಗಿತ್ತು. ಅವತ್ತು ತಾವು ಆಡಿದ ಮಾತನ್ನು ಲತಾ ಈಗಲೂ ಇದ್ದದ್ದು ಇದ್ದಂತೆ ಹೇಳುತ್ತಾರೆ.

“‘ಅಳ್ಬ್ಯಾಡ ಕಣವ್ವ, ಅವ್ಳು ಈ ಸಿಸ್ಟಂ ಒಳ್ಗೇ ಅವ್ಳೆ, ಎಲ್ಲೂ ಓಗಾಕಿಲ್ಲ. ಅಬ್ಬ ಕಳೀಲಿ, ಇನ್ನೊಂದು ಪ್ರಿಂಟು ಆಕ್ಕೊಡ್ತೀನಿ’ ಅಂದೆ ಸಾ. ಆಗ್ಲೇ ಆಕ್ಕೊಡಬೈದಾಗಿತ್ತು. ಅಬ್ಬದ ಕೆಲ್ಸ ತಲೆ ಮ್ಯಾಲಿತ್ತು.”

ಅದೇ ದಿನಗಳಲ್ಲಿ ಇನ್ನೊಂದು ಭಯ ಊರೆಲ್ಲ ಓಡಾಡುತ್ತಿತ್ತು. ಕಳ್ಳ ಕಾಪಿಯ ತಂತ್ರಾಂಶ ಹಾಕಿಕೊಂಡವರ ಅಂಗಡಿಗೆ ನುಗ್ಗಿ ಕಂಪ್ಯೂಟರನ್ನೇ ಎತ್ತಿಕೊಂಡು ಹೋಗುತ್ತಾರಂತೆ, ಹಾಸನದಲ್ಲಿ ಆಯಿತಂತೆ, ನಾಳೆ ಇಲ್ಲಿಗಂತೆ. ಆಯಿತೋ ಇಲ್ಲವೋ ನೋಡಿದವರಿಲ್ಲ. ಹಂಸ ಸ್ಟುಡಿಯೋದಲ್ಲಿ ಇದ್ದದ್ದೆಲ್ಲ ಕಳ್ಳ ಕಾಪಿಯೇ. ಸಾಲದ್ದಕ್ಕೆ ವಾರಕ್ಕೊಂದು ವೈರಸ್ಸು. ಗಿರಿಧರ ಅವರು ಬೆವರಿ ಹೋದರು. “ಬಿಟ್ಟಿ ಸಿಗೋದು ಏನೋ ಇದೆಯಂತಲ್ಲೇ, ಅದನ್ನೇ ಹಾಕಿಬಿಡು” ಎಂದರು. ಕಾಲೇಜು ಹುಡುಗನೊಬ್ಬ ಫೋಟೋ ತೆಗೆಸಲು ಬಂದವನು ಲಿನಕ್ಸಿನ ಸೀಡಿ ಕೊಟ್ಟುಹೋಗಿದ್ದ. ಹಳೆಯದನ್ನು ಒತ್ತರಿಸಿ ಪಕ್ಕದಲ್ಲಿ ಹೊಸದಕ್ಕೆ ಜಾಗ ಮಾಡಬಹುದು, ಫೋಟೋಗಳು ಎಲ್ಲಿಗೂ ಹೋಗುವುದಿಲ್ಲ ಎಂದಿದ್ದ. ನಡುವೆ ಕರೆಂಟು ಹೋಗಬಾರದು ಎಂಬುದನ್ನೂ ಹೇಳಿದ್ದ.

ಲತಾ ಅದಕ್ಕೆ ಆಯುಧ ಪೂಜೆಯ ದಿನವನ್ನೇ ಆರಿಸಿಕೊಂಡರು. ಅವತ್ತು ಅಂಗಡಿಗೆ ಗಿರಾಕಿ ಬರುವುದಿಲ್ಲ. ಹಬ್ಬವೆಂದು ಕರೆಂಟೂ ತೆಗೆಯುವುದಿಲ್ಲ. ಇಡೀ ವರ್ಷದಲ್ಲಿ ಕಂಪ್ಯೂಟರಿಗೆ ಬಿಡುವಿರುವ ದಿನ ಅದೊಂದೇ. ಲೆಕ್ಕ ಸರಿಯಾಗಿಯೇ ಇತ್ತು. ಸೀಡಿ ಹಾಕಿ ಶುರು ಮಾಡಿದರು. ಪರದೆಯ ಮೇಲೆ ನೀಲಿ ಗೆರೆಯೊಂದು ಬಸವನಹುಳದಂತೆ ತೆವಳತೊಡಗಿತು. ಅದು ತೆವಳುತ್ತಿರಲಿ ಎಂದು ಬೂದುಗುಂಬಳ ತರಲು ಮಾರ್ಕೆಟ್ಟಿಗೆ ಹೋದರು.

ಗಿರಿಧರ ಅವರ ತಾಯಿ ಅಂಬುಜಮ್ಮ ಪೂಜೆಯ ತಟ್ಟೆ ಹಿಡಿದು ಬಂದರು. ಕ್ಯಾಮೆರಾ, ಸ್ಟ್ಯಾಂಡು, ಕತ್ತರಿ ಎಲ್ಲವೂ ಸುಮ್ಮನೆ ಕೂತು ಕುಂಕುಮ ಇಡಿಸಿಕೊಂಡವು. ಕಂಪ್ಯೂಟರ್ ಒಂದು ಮಾತ್ರ ಗುಂಯ್‌ಗುಡುತ್ತಿತ್ತು. ಆಯುಧ ಪೂಜೆಯ ದಿನ ಆಯುಧ ಕೆಲಸ ಮಾಡಕೂಡದು. ಅದು ಆ ಮನೆಯಲ್ಲಿ ಮೂರು ತಲೆಮಾರಿನಿಂದ ನಡೆದು ಬಂದದ್ದು. ಅಂಬುಜಮ್ಮ ಗೋಡೆಯ ಸ್ವಿಚ್ಚು ಆರಿಸಿದರು. ಗಂಧ ಹಚ್ಚಿದರು, ಹೂವಿಟ್ಟರು, ಮಂಗಳಾರತಿ ಬೆಳಗಿದರು.

ಕುಂಬಳಕಾಯಿ ಹೊತ್ತು ಬಂದ ಲತಾ ಕಪ್ಪು ಪರದೆಯನ್ನು ನೋಡಿ ಬಾಗಿಲಲ್ಲೇ ಕೂತುಬಿಟ್ಟರು.

“ಯಾಕೇ, ಮೈ ಸರಿಯಿಲ್ವೇನೇ?” ಎಂದರು ಅಂಬುಜಮ್ಮ. “ಪಾಪ, ಅದಕ್ಕೂ ಒಂದು ದಿನ ವಿಶ್ರಾಂತಿ ಬೇಡ್ವೇ ಅಂತ ಆರಿಸಿದೆ. ವರ್ಷವಿಡೀ ದುಡಿಯತ್ತಲ್ಲ.”

ಯಾರನ್ನು ಬೈಯುವುದು? ಹಳೆಯದೂ ಇಲ್ಲ, ಹೊಸದೂ ಇಲ್ಲ, ಕಂಪ್ಯೂಟರ್ ಏಳಲೇ ಇಲ್ಲ. ಬೇರೆಯವರ ಫೋಟೋಗಳಿಗೆ ಅವರವರ ಮನೆಯಲ್ಲಿ ಪ್ರಿಂಟು ಇದ್ದವು. ಚಂದ್ರಕಲಾಗೆ ಇದ್ದದ್ದು ಗಾಜಿಗೆ ಅಂಟಿದ ನಾಲ್ಕು ಚೂರು ಬಣ್ಣ.

ರಿಪೇರಿಗೆ ಹಾಸನದಿಂದ ಬಂದ ಸಮರ್ಥ ಹೆಸರಿಗೆ ತಕ್ಕ ಗತ್ತಿನಲ್ಲಿ ಬೈಕ್ ಇಳಿದ. ಡಿಪ್ಲೊಮಾ ಆಗಿದೆ, ಕುತ್ತಿಗೆಗೆ ಪೆನ್ ಡ್ರೈವ್ ನೇತುಹಾಕಿಕೊಂಡಿರುತ್ತಾನೆ. ಐದು ನಿಮಿಷ ನೋಡಿ, “ಡೇಟಾ ಹೋಯ್ತು. ಫಾರ್ಮ್ಯಾಟ್ ಹೊಡೆದು ಫ್ರೆಶ್ಶಾಗಿ ಹಾಕೋದೇ” ಎಂದು ಸೀಡಿ ತೆಗೆದ. ಲತಾ ಅವನ ಕೈ ಹಿಡಿದುಕೊಂಡರು.

“ಅಮ್ಮಾ, ಹೋಗಿರೋದಕ್ಕೆ ಯಾಕೆ ಅಳ್ತೀರಾ? ಬೇರೆ ಫೋಟೋ ತೆಗೀರಿ, ಆಯ್ತಪ್ಪ!”

“ಯಾರ್ದ ತೆಗೀಲಿ? ಮಣ್ಣು ಅಗ್ದು ಎತ್ಕಂಬಂದು ತೆಗೀಲಾ?”

ಸಮರ್ಥ ಸೀಡಿಯನ್ನು ವಾಪಸು ಚೀಲಕ್ಕೆ ಹಾಕಿಕೊಂಡ. ಕಂಪ್ಯೂಟರಿಗೆ ಹೊಸ ಡಿಸ್ಕು ಹಾಕಿ, ಅದರ ದುಡ್ಡನ್ನು ಲತಾ ಸಂಬಳದಲ್ಲಿ ಹಿಡಿದುಕೊಳ್ಳುವುದೆಂದಾಯಿತು. ಹಳೆಯದು ಮಲ್ ಬಟ್ಟೆ ಸೇರಿತು. ಡಿಸ್ಕಿಗೆ ಕೈ ಹಚ್ಚದೆ ಸೀಡಿಯಿಂದಲೇ ಓಡುವ ಲಿನಕ್ಸೂ ಇದೆ, ಅದರಲ್ಲಿ ಹೋದದ್ದನ್ನು ಹುಡುಕಬಹುದಂತೆ ಎಂದು ಹೋಗುವಾಗ ಬಾಗಿಲಲ್ಲಿ ನಿಂತು ಹೇಳಿದವನೂ ಸಮರ್ಥನೇ. ಹೇಗೆ ಎಂದು ಕೇಳಿದರೆ, ತನಗೂ ಗೊತ್ತಿಲ್ಲ ಎಂದ. ಅಷ್ಟಾದರೂ ನಿಜ ಹೇಳಿದ.

ಕಲಿಯಲು ಲತಾ ಹಾಸನಕ್ಕೆ ಹೋದರು. ಅಲ್ಲಿ ಮಹಡಿಗೊಂದು ಕಂಪ್ಯೂಟರ್ ತರಬೇತಿಯ ಬೋರ್ಡು. ಬಿಸಿಲಿಗೆ ಬಣ್ಣ ಹೋದ ಬೋರ್ಡುಗಳ ತುಂಬ ನಗುವ ಹುಡುಗಿಯರು. ಮೂರು ಕಡೆ ಮೆಟ್ಟಿಲು ಹತ್ತಿ ಇಳಿದರು. ಒಬ್ಬ, “ಲಿನಕ್ಸ್ ಬಿಇ ಮಾಡಿದೋರಿಗೆ, ನೀವು ಟ್ಯಾಲಿ ಸೇರ್ಕಳಿ” ಎಂದ. ಇನ್ನೊಬ್ಬ ಎಷ್ಟು ಓದಿದ್ದೀರಿ ಎಂದು ಕೇಳಿ, ಉತ್ತರಕ್ಕೆ ಕಾಯದೆ ಫೋನೆತ್ತಿಕೊಂಡ. ಮೂರನೆಯವನು ಕಲಿಸುತ್ತೇನೆ ಅಂದ, ಸರ್ಟಿಫಿಕೇಟೂ ಕೊಡುತ್ತೇನೆ ಅಂದ. ‘ಮೌಂಟ್ ಅಂದ್ರೇನು ಸಾ’ ಎಂದು ಲತಾ ಕೇಳಿದ್ದಕ್ಕೆ ಬೆಟ್ಟ ಅಂದ. ಸರ್ಟಿಫಿಕೇಟು ಮಾರುವ ಊರಿನಲ್ಲಿ ವಿದ್ಯೆ ಕೇಳಿಕೊಂಡು ಹೋದದ್ದು ಅವರದೇ ತಪ್ಪು.

ಬ್ರೌಸಿಂಗ್ ಸೆಂಟರಿನಲ್ಲಿ ಕೂತು, ಲಿನಕ್ಸಿನವರು ಪ್ರಶ್ನೆ ಕೇಳುವ ಜಾಗ ಹುಡುಕಿ, ತಮಗೆ ಬಂದ ಇಂಗ್ಲಿಷಿನಲ್ಲಿ ಕೇಳಿದರು. ಮುಂದಿನ ಭಾನುವಾರ ಹೋಗಿ ನೋಡಿದರೆ ಉತ್ತರಗಳು ಬಂದಿದ್ದವು. ಮೊದಲನೆಯದು, ಮೊದಲು ಪುಸ್ತಕ ಓದಿಕೊಂಡು ಬಾ. ಎರಡನೆಯದು, ಮೊದಲು ಇಂಗ್ಲಿಷ್ ಕಲಿತು ಬಾ. ಮೂರನೆಯವರು ಯಾವ ಮಹಾತ್ಮರೋ, ಮಾತಿಲ್ಲದೆ ಒಂದೇ ಒಂದು ಸಾಲು ಆಜ್ಞೆ ಬರೆದಿದ್ದರು. ಗೋಡೆಯ ಮೇಲಿನ ಮೊದಲ ಕಾಗದ ಅದು.

ಮೊದಮೊದಲು ಬಿದ್ದ ಪಾಡು ಹೇಳುವಾಗ ಮಾತ್ರ ಲತಾ ನಗುತ್ತಾರೆ. ಪಾಸ್‌ವರ್ಡ್ ಹೊಡೆದರೆ ಪರದೆಯ ಮೇಲೆ ಏನೂ ಮೂಡುವುದಿಲ್ಲ, ಚುಕ್ಕೆ ಕೂಡ ಇಲ್ಲ. ಲಿನಕ್ಸ್ ಇರುವುದೇ ಹಾಗೆ. “ಕೀಬೋರ್ಡು ಸತ್ತೋಯ್ತು ಅನ್ಕಂಡೆ ಸಾ. ಒಂದೊಂದೇ ಕೀ ಕಿತ್ತು ಬಟ್ಟೇಲಿ ಒರೆಸ್ಬುಟ್ಟು, ಅದ್ರ ಜಾಗ್ದಾಗೆ ಇದು ಇದ್ರ ಜಾಗ್ದಾಗೆ ಅದು ಕೂರ್ಸ್ದೆ. ಆಮ್ಯಾಕೆ ನಿಜ್ವಾಗ್ಲೂ ಕೆಟ್ಟೋಯ್ತು!” ಸಿ ಡ್ರೈವ್ ಎಲ್ಲಿ ಎಂದು ವಾರಗಟ್ಟಲೆ ಹುಡುಕಿದರು. ಇಲ್ಲಿ ಸಿ ಇಲ್ಲ, ಡಿ ಇಲ್ಲ, ಡಿಸ್ಕನ್ನು ನಾವೇ ತಂದು ಕೂರಿಸಬೇಕು ಎಂದು ತಿಳಿದದ್ದು ನೆಗೆಟಿವನ್ನು ದೊಡ್ಡದು ಮಾಡಿ ಪ್ರಿಂಟು ತೆಗೆಯುವ ಎನ್‌ಲಾರ್ಜರಿನ ಮುಂದೆ ನಿಂತಾಗ. “ನೆಗೆಟಿವ್ ಕೂರುಸ್ದಂಗೇ ಅಲ್ವಾ ಅನ್ನುಸ್ತು. ಕೂರುಸ್ದೆ ಇದ್ರೆ ಬೆಳ್ಕು ಬಿಟ್ಟು ಏನ್ ಬಂತು?” ಮೌಂಟಿನ ಅರ್ಥ ಅವರಿಗೆ ಹಾಗೆ ಸಿಕ್ಕಿತು. ಅದನ್ನು ಮಹಡಿಯ ಮೇಲಿನವರು ಹೇಳಿಕೊಟ್ಟಿಲ್ಲ.

ಹಗಲೆಲ್ಲ ಅಂಗಡಿ. ಪಾಸ್‌ಪೋರ್ಟ್ ಸೈಜು ಐದಾರು, ಲ್ಯಾಮಿನೇಶನ್ನು, ಆಲ್ಬಮ್ಮಿಗೆ ಅಂಟು, ತಿಂಗಳಿಗೆ ಮೂರು ನಾಲ್ಕು ಸಾವಿನ ಮನೆಯ ಕಣ್ಣು. ಹುಡುಕಾಟಕ್ಕೆ ಉಳಿಯುವುದು ಬೆಳಗಿನ ಹೊತ್ತು, ಅದರಲ್ಲೂ ಕರೆಂಟಿನವರು ಬಿಟ್ಟರೆ. ಡಿಸ್ಕಿನ ಉದ್ದಗಲವನ್ನು ತುಂಡು ತುಂಡು ಮಾಡಿಕೊಂಡು, ನಿನ್ನೆ ನಿಲ್ಲಿಸಿದ ಕಡೆಯಿಂದ ಇವತ್ತು ಮತ್ತೆ ಶುರು. ರಾಗಿ ಹೊಲದವರಾದ ಬೀರಲಿಂಗಯ್ಯ ಮಗಳನ್ನು ಕಿಚಾಯಿಸುತ್ತಾರೆ: “ಮೂರೊರ್ಸದಿಂದ ಉತ್ತವ್ಳೆ ಕಣಪ್ಪ. ಒಂದು ಪೈರೂ ನಾ ಕಾಣೆ.”

ಪೈರು ಬರಲೇ ಇಲ್ಲವೆಂದಲ್ಲ. ಯಾರದೋ ಮದುವೆಯ ಅರ್ಧ ಮಂಟಪ ಬಂತು, ಯಾವುದೋ ಮಗುವಿನ ನಾಮಕರಣ ಬಂತು. ಕಳೆದ ವರ್ಷದ ಕಾರ್ತಿಕದಲ್ಲಿ ಒಂದು ಬೆಳಗ್ಗೆ ಪರದೆಯ ಮೇಲೆ ಎಣ್ಣೆ ಹಚ್ಚಿ ಬಾಚಿದ ತಲೆ ಮೂಡಿತು. ಬೈತಲೆ. ಹಣೆ. ಎರಡು ಕಣ್ಣು. ಮೂಗಿನ ಅರ್ಧಕ್ಕೆ ನಿಂತಿತು. ಕೆಳಗೆಲ್ಲ ಬೂದು ಬಣ್ಣ. ಫೈಲಿನ ಉಳಿದ ಭಾಗ ಆಯುಧ ಪೂಜೆಯ ದಿನವೇ ಹೋಗಿತ್ತು.

ಲತಾ ಅಷ್ಟನ್ನೇ ಪ್ರಿಂಟು ಹಾಕಿದರು. ಸಂತೆಯ ದಿನ ಕೃಷ್ಣಮ್ಮ ಬಂದರು. ಪ್ರತಿ ಸಂತೆಗೂ ಬರುತ್ತಾರೆ, ಸ್ಟೂಲಿನ ಮೇಲೆ ಕೂರುತ್ತಾರೆ, “ಬಂದ್ಲಾ?” ಎನ್ನುತ್ತಾರೆ. ಅವತ್ತು ಲತಾ ಪ್ರಿಂಟು ಕೈಗೆ ಕೊಟ್ಟರು. ಕೃಷ್ಣಮ್ಮ ಹಣೆ ಸವರಿದರು. ಕಣ್ಣಿನ ಮೇಲೆ ಬೆರಳು ನಿಂತಿತು. ತಲೆಯೆತ್ತಿ ಲತಾ ಮುಖ ನೋಡಿದರು, ಮತ್ತೆ ಪ್ರಿಂಟು ನೋಡಿದರು.

“ಇವು ನಿನ್ ಕಣ್ಣು ಕಣವ್ವ,” ಎಂದರು. “ನನ್ ಮಗ್ಳೆಲ್ಲಿ?”

ಬಾಯಿ ಅವಳದು, ಗಲ್ಲ ಅವಳದು, ಕುತ್ತಿಗೆ ಅವಳದು. ಅವೆಲ್ಲ ಬೂದಿನಲ್ಲಿ ಹೋಗಿವೆ. ಎರಡು ವರ್ಷ ಬೀಗ ಕಚ್ಚಿ ಕಚ್ಚಿ ಲತಾ ಹೊರಗೆ ತೆಗೆದದ್ದು ತಮ್ಮವೇ ಎರಡು ಕಣ್ಣು. ಗಿರಿಧರ ಅವರು ಸಮಾಧಾನ ಮಾಡಲು ಹೋದರು. ಕೆಳಗಿನ ಅರ್ಧಕ್ಕೆ ಬೇರೆ ಯಾರದಾದರೂ ಬಾಯಿ ಹೊಂದಿಸೋಣ, ಗೊತ್ತೇ ಆಗುವುದಿಲ್ಲ ಎಂದರು. ಕೃಷ್ಣಮ್ಮ ಎದ್ದು ನಿಂತರು.

“ಬ್ಯಾಡಿ ಸಾ. ಎಲ್ರ ಮಕ ಸೇರ್ಸಿ ಮಾಡುದ್ರೆ ಅವ್ಳು ನನ್ ಮಗ್ಳಾಯ್ತಾಳಾ? ಕಣ್ ಮುಚ್ಚಿರಾದೇ ಇದ್ದಿದ್ರೂ ಆಗಿತ್ತು. ಅವ್ಳದಾರಾ ಆಗಿರಾದು.”

ಪ್ರಿಂಟನ್ನು ಮೇಜಿನ ಮೇಲೆ ಬಿಟ್ಟು ಹೊರಟರು. ಆ ಮಾತು ಲತಾ ತಲೆಯಲ್ಲಿ ಕೂತಿತು. ಮುಚ್ಚಿದ ಕಣ್ಣಿನ ಫೋಟೋ. ತಾವೇ ಅಳಿಸಿದ್ದು. ಆದರೆ ಗೋಡೆಯ ಮೇಲೆ ಅಷ್ಟರೊಳಗೆ ಇನ್ನೊಂದು ಕಾಗದ ಬಂದಿತ್ತು: ‘ಡಿಲೀಟ್: ಹೆಸರು ಹೋಗುತ್ತೆ, ಫೋಟೋ ಹೋಗಲ್ಲ. ಅದರ ಮೇಲೆ ಇನ್ನೊಂದು ಕೂರುವ ತನಕ ಅಲ್ಲೇ ಇರುತ್ತೆ.’ ಕೂತಿದೆಯೋ ಇಲ್ಲವೋ ಯಾರಿಗೆ ಗೊತ್ತು? ಅಳಿಸಿದ ಮೇಲೆ ಒಂದು ವರ್ಷ ಆ ಡಿಸ್ಕಿನ ಮೇಲೆ ಮದುವೆಗಳು ಕೂತಿವೆ, ನಾಮಕರಣಗಳು ಕೂತಿವೆ. ಸಿಗುವುದು ಕಷ್ಟ ಎಂದು ಲತಾ ಎಲ್ಲರಿಗಿಂತ ಚೆನ್ನಾಗಿ ಬಲ್ಲರು. ಆದರೂ ಡಿಸ್ಕಿನ ಮೊದಲ ತುಂಡಿನಿಂದ ಮತ್ತೆ ಶುರು ಮಾಡಿದ್ದಾರೆ, ಈ ಸಲ ಅಳಿಸಿದ್ದನ್ನು ಹುಡುಕಲು.

ಮೊನ್ನೆಯ ಆಯುಧ ಪೂಜೆಗೆ ಅಂಬುಜಮ್ಮ ತಟ್ಟೆ ಹಿಡಿದು ಡಾರ್ಕ್ ರೂಮಿಗೆ ಬಂದರು. ಕಪ್ಪು ಪರದೆಯ ಮೇಲೆ ಅಕ್ಷರಗಳು ಓಡುತ್ತಿದ್ದವು.

“ಓಡ್ತಾ ಇದೆಯೇನೇ ಅದು?”

“ಊಂ ಅಮ್ಮಾವ್ರೆ.”

ಮುದುಕಿ ಕಂಪ್ಯೂಟರಿಗೆ ಕುಂಕುಮ ಇಡಲಿಲ್ಲ. ಹಲಗೆಯ ಅಂಚಿಗೆ ಇಟ್ಟರು. ಆಮೇಲೆ ಸ್ಟೂಲು ಎಳೆದುಕೊಂಡು ಗೋಡೆಯ ಸ್ವಿಚ್ಚಿನ ಕೆಳಗೆ ಬೆನ್ನು ಒರಗಿಸಿ ಕೂತು, ಪೂಜೆ ಮುಗಿದು ಪ್ರಸಾದ ಹಂಚುವವರೆಗೂ ಏಳಲಿಲ್ಲ. ಅವತ್ತೂ ಏನೂ ಸಿಗಲಿಲ್ಲ.

ಹೊರಗೆ ಬೆಳಕಾಗುತ್ತಿದೆ. ಯಾರೋ ಅರ್ಧ ತೆರೆದ ಶಟರಿನ ಕೆಳಗೆ ಬಗ್ಗಿ, “ಅಕ್ಕೋ, ಪಾಸ್‌ಪೋರ್ಟು ಅರ್ಜೆಂಟು” ಎಂದು ಕೂಗುತ್ತಾರೆ. ಲತಾ ಇವತ್ತು ಎಲ್ಲಿಗೆ ನಿಲ್ಲಿಸಿದೆ ಎಂಬುದನ್ನು ಒಂದು ಪ್ರಿಂಟಿನ ಬೆನ್ನಿಗೆ ಬರೆದು, ಡಿಸ್ಕನ್ನು ಬಿಡಿಸಿ ಮಲ್ ಬಟ್ಟೆ ಸುತ್ತುತ್ತಾರೆ. ಸಿಕ್ಕರೆ ಏನು ಮಾಡುತ್ತೀರಿ ಎಂದು ಕೇಳಿದರೆ ಡಬ್ಬಿಯ ಮುಚ್ಚಳ ಹಾಕುತ್ತಲೇ ಹೇಳುತ್ತಾರೆ:

“ಎಂಗೈತೋ ಅಂಗೇ ಪ್ರಿಂಟು ಆಕ್ಕೊಡ್ತೀನಿ ಸಾ. ಈ ಸಲ ಕಣ್ ತೆರೆಸಾಕಿಲ್ಲ.”